ಎತೆಲಕ್ಕನಿಗೆ ಬೇಡವಾಗಿದ್ದ ನಡಿಗೆ

ನಮ್ಮ ಯೆಡ್ಲಿನಾದಲ್ಲಿ ಹೆಂಗಸರು ಕೂದಲು ಕತ್ತರಿಸಿಕೊಳ್ಳಬೇಕೆಂದರೆ ಎತೆಲಕ್ಕನ ಅಂಗಡಿಗೇ ಹೋಗಬೇಕು. ಅಂಚೆ ಕಚೇರಿ ಪಕ್ಕದ ಕಟ್ಟಡದಲ್ಲಿ ಕೆಳಗೆ ಅವಳ ಅಂಗಡಿ, ಅದರ ಮೇಲೆ ಅವಳ ಮನೆ, ಅದಕ್ಕೂ ಮೇಲೆ ನನ್ನ ಮನೆ. ನಾನು ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಊರಿನವರ ತಲೆಯೊಳಗಿನದೆಲ್ಲ ಎತೆಲಕ್ಕನಿಗೆ ಗೊತ್ತು, ಹೊಟ್ಟೆಯೊಳಗಿನದೆಲ್ಲ ಮಾರ್ಗಿತಾಗೆ ಗೊತ್ತು ಎಂದು ಗಂಡಸರು ತಮಾಷೆ ಮಾಡುತ್ತಿದ್ದರು. ಮಾರ್ಗಿತಾ ಅಂದರೆ ನಾನೇ.

ಎತೆಲಕ್ಕ ಯಾರಿಗೂ ಎದುರಾಡಿದವಳಲ್ಲ. ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಕೈಯಲ್ಲಿ ಒಬ್ಬರ ತಲೆ ಹಿಡಿದುಕೊಂಡು, ಅವರು ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದು ಅವಳ ಕಸುಬಿನ ಭಾಗವೇ ಆಗಿಹೋಗಿತ್ತು. ಸೊಸೆಯನ್ನು ಬೈಯುವ ಅತ್ತೆಗೂ ಹೂಂ, ಮರುದಿನ ಅದೇ ಕುರ್ಚಿಯಲ್ಲಿ ಕೂತು ಅತ್ತೆಯನ್ನು ಬೈಯುವ ಸೊಸೆಗೂ ಹೂಂ. ಬೇಡ ಅನ್ನಬೇಕಾದ ಕಡೆ “ನೋಡೋಣ” ಅನ್ನುತ್ತಿದ್ದಳು. ಜನ ಅದನ್ನೂ ಹೂಂ ಎಂದೇ ತಿಳಿದು ಎದ್ದು ಹೋಗುತ್ತಿದ್ದರು.

ಅವಳು ಹುಟ್ಟಿ ಬೆಳೆದದ್ದು ದಕ್ಷಿಣದ ಬಯಲಿನಲ್ಲಿ, ದುನಾಯ್ ನದಿಯ ದಂಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ನದಿಗೆ ಕಟ್ಟಿದ ಮಣ್ಣಿನ ಒಡ್ಡೇ ಎಲ್ಲಕ್ಕಿಂತ ಎತ್ತರದ ಜಾಗ. ಸೈನ್ಯದ ಕೆಲಸಕ್ಕೆಂದು ಆ ಕಡೆ ಹೋಗಿದ್ದ ನಮ್ಮೂರಿನ ವೆಂಡೆಲಿನ್ ಅವಳನ್ನು ಮೆಚ್ಚಿ ಮದುವೆಯಾಗಿ ಈ ಬೆಟ್ಟಗಳ ನಡುವೆ ಕರೆತಂದ. ಅವನು ಕರೆಂಟಿನ ಕಂಬ ಹತ್ತುವವನು. ಹತ್ತುವುದು ಅವನಿಗೆ ಕೆಲಸವೂ ಹೌದು, ಹುಚ್ಚೂ ಹೌದು. ಭಾನುವಾರ ಬಂದರೆ ಕಂಬ ಬಿಟ್ಟು ಬೆಟ್ಟ ಹತ್ತುತ್ತಿದ್ದ. ಹೊಸ ವರ್ಷ ಹುಟ್ಟಿದ ವಾರದಲ್ಲೇ ಬರುವ ಮೂರು ರಾಜರ ಹಬ್ಬಕ್ಕೆ ಊರಿನವರನ್ನೆಲ್ಲ ಕಟ್ಟಿಕೊಂಡು ಹಿಮದಲ್ಲಿ ಕೋಪಾ ಬೆಟ್ಟಕ್ಕೆ ನಡೆಯುವ ಪದ್ಧತಿಯನ್ನು ಶುರುಮಾಡಿದವನೂ ಅವನೇ. ಚರ್ಚಿನ ಮುಂದೆ ಸೇರುವುದು, ಹೊಲಗಳನ್ನು ದಾಟಿ, ಕುರಿದೊಡ್ಡಿ ದಾಟಿ, ಸ್ಪ್ರೂಸ್ ಮರಗಳ ಕಾಡಿನೊಳಗಿಂದ ಮೇಲೇರಿ ನೆತ್ತಿಯ ಮೇಲಿನ ಸಂತ ಅನ್ನಳ ಪುಟ್ಟ ಗುಡಿಗೆ ಮುಟ್ಟುವುದು, ಆಚೆ ಬದಿಯ ತಂಗುಮನೆಯಲ್ಲಿ ರಮ್ ಬೆರೆಸಿದ ಚಹಾ ಕುಡಿದು ಹೊಳೆಯ ಬದಿಯ ಬಳಸುದಾರಿಯಲ್ಲಿ ಇಳಿಯುವುದು, ಕತ್ತಲಾಗುವ ಹೊತ್ತಿಗೆ ಎತೆಲಕ್ಕನ ಮನೆಗೆ ನುಗ್ಗಿ ಹುಳಿ ಎಲೆಕೋಸಿನ ಸಾರು ಕುಡಿಯುವುದು. ಆ ಸಾರಿಗೆ ಅವಳು ಒಣಗಿಸಿದ ಅಣಬೆ, ಹೊಗೆಯಾಡಿಸಿದ ಸಾಸೇಜು, ಒಂದಿಷ್ಟು ಒಣ ಪ್ಲಮ್ ಹಾಕುತ್ತಿದ್ದಳು. ಬಟ್ಟಲು ಸಾಲದೆ ಕೆಲವರು ಲೋಟದಲ್ಲೇ ಹಾಕಿಸಿಕೊಳ್ಳುತ್ತಿದ್ದರು.

ಎತೆಲಕ್ಕ ಮಾತ್ರ ಮದುವೆಯಾದ ವರ್ಷ ಒಮ್ಮೆ ಹೋದವಳು ಕಾಲ್ಬೆರಳು ಮರಗಟ್ಟಿಸಿಕೊಂಡು ಬಂದಿದ್ದಳು. ಆಮೇಲೆ ಹೋಗಲಿಲ್ಲ. ವಾರವಿಡೀ ನಿಂತು ಕೆಲಸ ಮಾಡುವ ಕಾಲು, ಪಾಪ, ಸಾರು ಮಾಡುವವರಾದರೂ ಬೇಕಲ್ಲ ಎಂದು ಜನ ಸುಮ್ಮನಾದರು. ಒಂದು ವರ್ಷ ಔಷಧಿ ಅಂಗಡಿಯಲ್ಲಿ ನನ್ನ ಪಾಳಿ ಬಿದ್ದು ನಡಿಗೆಗೆ ಹೋಗಲಾಗಲಿಲ್ಲ. ನಡುವೆ ಬಿಡುವಾದಾಗ ಅವಳ ಮನೆಗೆ ಹೋದೆ. ಎತೆಲಕ್ಕ ತಲೆಗೆ ಕರ್ಲರ್ ಸುತ್ತಿಕೊಂಡು, ಕಾಲು ಚಾಚಿಕೊಂಡು, ಮಡಿಲಲ್ಲಿ ಗಸಗಸೆ ಸಕ್ಕರೆ ಉದುರಿಸಿದ ಶ್ಯಾವಿಗೆಯ ತಟ್ಟೆ ಇಟ್ಟುಕೊಂಡು ರೇಡಿಯೋ ಕೇಳುತ್ತಿದ್ದಳು. ಒಲೆಯ ಮೇಲೆ ಸಾರು ತನ್ನಷ್ಟಕ್ಕೆ ಕುದಿಯುತ್ತಿತ್ತು.

“ಬಾ ಕೂತ್ಕೊ. ಆದ್ರೆ ಜಾಸ್ತಿ ಹೊತ್ತು ಕೂರ್ಬೇಡ,” ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. “ನಿಜ ಹೇಳ್ತೀನಿ ಮಾರ್ಗಿತಾ. ವರ್ಷಕ್ಕೊಂದೇ ದಿನ ಕಣೇ ನನ್ನ ಮನೇಲಿ ನಾನೊಬ್ಳೇ ಇರೋದು. ಕೆಳಗೆ ಹೋದ್ರೆ ಊರಿನೋರ ಮಾತು, ಮೇಲೆ ಬಂದ್ರೆ ಅತ್ತೆ ಮಾತು. ಈವತ್ತು ಅತ್ತೆನೂ ಮಗಳ ಮನೆಗೆ ಹೋಗಿರ್ತಾರೆ. ಯಾರಿಗೂ ಹೂಂ ಅನ್ನೋ ಹಾಗಿಲ್ಲ ನೋಡು.”

ಅತ್ತೆ ತೀರಿಕೊಂಡರು. ಅದಾಗಿ ಕೆಲವು ವರ್ಷಕ್ಕೆ, ಒಂದು ಶರತ್ಕಾಲದ ಬೆಳಿಗ್ಗೆ, ಹಿತ್ತಿಲಲ್ಲಿ ಸೌದೆ ಜೋಡಿಸುತ್ತಿದ್ದ ವೆಂಡೆಲಿನ್ ಹಾಗೇ ಕುಸಿದು ಕೂತವನು ಏಳಲಿಲ್ಲ.

ಆ ಚಳಿಗಾಲದ ನಡಿಗೆಗೆ ಅವನ ಹೆಸರಿಡುವುದೆಂದು ಚಾರಣ ಸಂಘದವರು ತೀರ್ಮಾನಿಸಿದರು. ಸಂಘದ ಅಧ್ಯಕ್ಷ ಗೇಜಾ, ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತನಾದವನು, ವೆಂಡೆಲಿನ್‌ಗೆ ಬಾಲ್ಯದಿಂದ ಗೆಳೆಯ. ಮರ ಬಿದ್ದ ಸದ್ದಿನಂಥ ಗಂಟಲು, ಮಗುವಿನಂಥ ಮನಸ್ಸು. ಅವನು ಬಂದು ಕಣ್ಣಲ್ಲಿ ನೀರು ತುಂಬಿಕೊಂಡು, “ಅತ್ತಿಗೆ, ಅವನ ಜಾಗದಲ್ಲಿ ಎಲ್ಲರಿಗಿಂತ ಮುಂದೆ ನೀವು ನಡೀಬೇಕು,” ಅಂದ. ಗಂಡ ಸತ್ತು ಮೂರು ತಿಂಗಳಾಗಿತ್ತಷ್ಟೆ. ಎತೆಲಕ್ಕ ಹೋದಳು. ಅಳು ಬರುವಷ್ಟು ಕಾಲು ನೋಯುತ್ತಿತ್ತು, ಅತ್ತರೆ ಗಂಡನಿಗಾಗಿ ಅಳುತ್ತಿದ್ದಾಳೆ ಅಂದುಕೊಂಡರು. ಅದೂ ಸುಳ್ಳೇನಲ್ಲ.

ಒಂದು ಸಲಕ್ಕೆ ಮುಗಿಯಿತು ಎಂದು ಅವಳು ತಿಳಿದಿದ್ದಳು. ಮರುವರ್ಷ ಎಲ್ಲರೂ ಸೇರಿ ಅವಳಿಗೆ ಒಳಗೆ ಉಣ್ಣೆಯಿರುವ ಒಳ್ಳೆಯ ಬೂಟು ಕೊಡಿಸಿದರು. ಅಂಥ ಬೂಟು ತೆಗೆದುಕೊಂಡು ಬರುವುದಿಲ್ಲ ಅನ್ನುವುದು ಹೇಗೆ? ಅದರ ಮರುವರ್ಷ ಕೋಪಾದ ನೆತ್ತಿಯ ಮೇಲೆ ಲಾರ್ಚ್ ಮರದ ಬೆಂಚು ಮಾಡಿಸಿ ಹಾಕಿದರು. ಬೆನ್ನಿಗೆ ಆನಿಸುವ ಹಲಗೆಯ ಮೇಲೆ ಕೆತ್ತಿದ ಅಕ್ಷರಗಳಿಗೆ ಹಿಮ ತುಂಬಿಕೊಂಡಿತ್ತು. ಗೇಜಾ ಕೈಗವಸಿನಿಂದ ಒರೆಸಿದಾಗ ಕಂಡಿತು: “ವೆಂಡೆಲಿನ್ ಮತ್ತು ಎತೆಲಾ.”

“ನಾನಿನ್ನೂ ಬದುಕಿದೀನಲ್ಲ ಗೇಜಾ,” ಅಂದಳು ಎತೆಲಕ್ಕ ಮೆಲ್ಲಗೆ.

“ಇರ್ಲಿ ಅತ್ತಿಗೆ, ಆಮೇಲೆ ಕೆತ್ತೋದು ಕಷ್ಟ,” ಅಂದ ಅವನು, ತುಂಬು ಮನಸ್ಸಿನಿಂದ.

ಆ ಸಂಜೆ ಇಳಿದು ಬಂದ ಮೇಲೆ ಅವಳು ನಿಂತೇ ಇಪ್ಪತ್ತು ಜನಕ್ಕೆ ಸಾರು ಬಡಿಸಿದಳು. ನಡೆಯುವುದೂ ಅವಳದೇ, ಹಿಂದಿನ ರಾತ್ರಿ ಸಾರು ಮಾಡಿಡುವುದೂ ಅವಳದೇ ಆಗಿತ್ತು. ಎಲ್ಲರೂ ಹೋದ ಮೇಲೆ ನಾನು ಪಾತ್ರೆ ತೊಳೆಯಲು ನಿಂತೆ. ಅವಳು ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದಳು. “ಮಾರ್ಗಿತಾ, ಇದರಿಂದ ಬಿಡಿಸ್ಕೊಳ್ಳೋದು ಹೇಗೆ?” ಎಂದು ಕೇಳಿದಳು. ಹೇಳಿಬಿಡು ಅಂದೆ. “ಹೇಳೋದು ಅಂದ್ರೆ? ಅವರೇನು ಕೆಟ್ಟದ್ದು ಮಾಡಿದ್ರೆ ಹೇಳ್ಬಹುದಿತ್ತು. ಇಷ್ಟು ಒಳ್ಳೇದು ಮಾಡೋರಿಗೆ ಏನಂತ ಹೇಳ್ಲಿ?”

ನಾಲ್ಕನೆಯ ವರ್ಷ. ಕ್ರಿಸ್ಮಸ್ಸಿಗೆ ಮುಂಚೆ ನಾನು ಕೂದಲು ಕತ್ತರಿಸಿಕೊಳ್ಳಲು ಹೋದಾಗ ಗೇಜಾನ ಹೆಂಡತಿ ಕ್ವೇತಾ ತಲೆ ಒಣಗಿಸುವ ಯಂತ್ರದ ಕೆಳಗೆ ಕೂತಿದ್ದಳು. ಅವಳು ಮಾತು ಕಡಿಮೆಯ ಹೆಂಗಸು. ಅವಳ ಪಾಲಿನದನ್ನೂ ಗಂಡನೇ ಆಡುತ್ತಿದ್ದ. ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಟೋಪಿ ಹಿಡಿದು ಕೂತಿದ್ದ.

“ಈ ಸಲ ಜಿಲ್ಲೆಯ ಪತ್ರಿಕೆಯೋರೂ ಬರ್ತಾರಂತೆ ಅತ್ತಿಗೆ. ನಿಮ್ಮ ಫೋಟೋ ಬೇಕಂತೆ. ವೆಂಡೆಲಿನ್‌ನ ಹಳೇ ಹಸಿರು ಜಾಕೆಟ್ ಇದೆಯಲ್ಲ, ಅದನ್ನ ಹಾಕ್ಕೊಂಡು ಬನ್ನಿ.”

“ನೋಡೋಣ ಗೇಜಾ.”

“ಆಯ್ತು ಹಾಗಾದ್ರೆ, ಗಟ್ಟಿ ಆಯ್ತು,” ಎಂದು ಅವನು ಎದ್ದ.

ಕನ್ನಡಿಯಲ್ಲಿ ಎತೆಲಕ್ಕನ ಮುಖ ಕಂಡಿತು. ಕತ್ತರಿ ನನ್ನ ತಲೆಯ ಮೇಲೆ ಒಂದು ಗಳಿಗೆ ಹಾಗೇ ನಿಂತುಬಿಟ್ಟಿತ್ತು.

ಹಬ್ಬದ ಹಿಂದಿನ ದಿನ ಅವಳು ಔಷಧಿ ಅಂಗಡಿಗೆ ಬಂದಳು. ಬೇರೆ ಗಿರಾಕಿ ಹೋಗುವವರೆಗೂ ಹಲ್ಲುಜ್ಜುವ ಬ್ರಷ್ಷುಗಳನ್ನು ನೋಡುತ್ತಾ ನಿಂತಿದ್ದು, ಆಮೇಲೆ ಗಲ್ಲಾದ ಹತ್ತಿರ ಬಗ್ಗಿ, “ಕಾಲು ಉಳುಕಿದ್ರೆ ಸುತ್ತೋ ಬ್ಯಾಂಡೇಜು ಕೊಡು,” ಅಂದಳು.

“ಯಾರಿಗೆ ಉಳುಕಿದೆ?”

“ನನಗೆ. ನಾಳೆ ಬೆಳಿಗ್ಗೆ.”

ನಾನು ಕೊಟ್ಟೆ. ಸುತ್ತುವುದಕ್ಕೆ ಅವಳಿಗೆ ಬರುತ್ತಿರಲಿಲ್ಲವಾದ್ದರಿಂದ ಮರುದಿನ ಬೆಳಿಗ್ಗೆ ನಾನೇ ಕೆಳಗಿಳಿದು ಹೋಗಿ ಎಡಗಾಲಿಗೆ ಬಿಗಿಯಾಗಿ ಸುತ್ತಿದೆ. ನೋಡಿದವರು ನಂಬುವ ಹಾಗೆ ಮಾಡೋಣವೆಂದು ಎರಡು ಸುತ್ತು ಹೆಚ್ಚಾಗಿಯೇ ಸುತ್ತಿದೆ. ಅವಳು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಳು. ರೇಡಿಯೋ ಹತ್ತಿರಕ್ಕೆ ಎಳೆದುಕೊಂಡಿದ್ದಳು. ಅಷ್ಟು ಗೆಲುವಾಗಿ ಅವಳನ್ನು ನೋಡಿ ವರ್ಷಗಳೇ ಆಗಿದ್ದವು. ಸುದ್ದಿ ತಿಳಿಸಲು ನಾನು ಚರ್ಚಿನ ಮುಂದಕ್ಕೆ ಹೋದೆ. ಗೇಜಾ ಕೇಳಿಸಿಕೊಂಡು ಎದೆ ಮುಟ್ಟಿಕೊಂಡ. ಇಬ್ಬರನ್ನು ಕರೆದುಕೊಂಡು ತನ್ನ ಮನೆಯ ಕಡೆ ಹೋದ. ಸರಿ, ಮುಗಿಯಿತು ಅಂದುಕೊಂಡೆ.

ಅರ್ಧ ಗಂಟೆಯಲ್ಲಿ ನಮ್ಮ ಕಟ್ಟಡದ ಮುಂದೆ ಗದ್ದಲ. ನಾನು ಓಡಿಬಂದು ಮೆಟ್ಟಿಲು ಹತ್ತುವಷ್ಟರಲ್ಲಿ ಗೇಜಾ ಅವಳ ಬಾಗಿಲಲ್ಲಿ ನಿಂತಿದ್ದ. ಉಸಿರಿಗೆ ಮೀಸೆಯ ಮೇಲಿನ ಮಂಜು ಕರಗುತ್ತಿತ್ತು.

“ಕಾಲು ಹೇಗಿದೆ ಅತ್ತಿಗೆ?”

“ಊದ್ಕೊಂಡಿದೆ ಗೇಜಾ. ನೆಲಕ್ಕೆ ಊರೋಕೇ ಆಗ್ತಿಲ್ಲ. ಈ ಸಲ ನೀವೇ ಹೋಗ್ಬನ್ನಿ.”

“ಊರೋದು ಯಾಕೆ? ನೆಲ ಮುಟ್ಟೋಕೆ ಬಿಟ್ರೆ ನನ್ನ ಹೆಸ್ರು ಕೇಳಿ. ಕಿಟಕಿಯಿಂದ ನೋಡಿ ಒಂದ್ಸಲ!”

ಕಿಟಕಿಯ ಕೆಳಗೆ, ಬೆಟ್ಟದಿಂದ ಹುಲ್ಲು, ಸೌದೆ ಇಳಿಸುವ ಉದ್ದನೆಯ ಮರದ ಜಾರುಬಂಡಿ. ಅದರ ಮೇಲೆ ಕುರಿತುಪ್ಪಟದ ಹಾಸಿಗೆ, ಒರಗಲು ದಿಂಬು, ಸುತ್ತ ಸ್ಪ್ರೂಸ್ ಕೊಂಬೆಗಳು. ಗಂಡಸರು ಹಗ್ಗ ಹೆಗಲಿಗೆ ಹಾಕಿಕೊಂಡು ಮೇಲೆ ನೋಡಿ ಕೈಬೀಸುತ್ತಿದ್ದರು.

“ಅಲ್ಲಾಡಿಸೋ ಹಾಗಿಲ್ಲ ಅದನ್ನ,” ಎಂದು ನಾನು ಬಾಯಿ ಹಾಕಿದೆ.

“ಯಾರು ಅಲ್ಲಾಡಿಸ್ತಾರೆ? ಮೊಟ್ಟೆ ಬುಟ್ಟಿ ತಗೊಂಡು ಹೋದ ಹಾಗೆ ತಗೊಂಡು ಹೋಗ್ತೀವಿ,” ಎಂದ ಗೇಜಾ, ಅವಳು ಬಾಯಿ ತೆರೆಯುವ ಮುಂಚೆಯೇ ಕಂಬಳಿ ಸಮೇತ ಎತ್ತಿಕೊಂಡ. ಅವನ ಹೆಗಲ ಮೇಲಿಂದ ಎತೆಲಕ್ಕ ನನ್ನನ್ನು ನೋಡಿದಳು. ಸಂತೆಗೆ ಹೊರಟ ಕುರಿಯ ನೋಟ ಅದು. ರೇಡಿಯೋ ಹಾಡುತ್ತಲೇ ಇತ್ತು. ನಾನೇ ಹೋಗಿ ಆರಿಸಿದೆ.

ಹೀಗೆ ಹೊರಟೆವು. ಹಿಮ ಹಿಂದಿನ ವಾರ ಬಿದ್ದು ಮೇಲ್ಪದರ ಗಟ್ಟಿಯಾಗಿತ್ತು. ಬೂಟು ಒತ್ತಿದರೆ ಕಿರ್ ಅನ್ನುತ್ತಿತ್ತು. ಹೊಲಗಳ ಬೇಲಿಗಳು ಮುಚ್ಚಿಹೋಗಿ ಯಾರದು ಎಲ್ಲಿಯವರೆಗೆ ಎಂದು ತಿಳಿಯದ ಹಾಗೆ ಬಿಳಿ ಹಾಸು. ನಡೆಯುವವರಿಗೆ ಮೈ ಬಿಸಿಯಾಗುತ್ತದೆ, ಎಳೆಯುವವರು ಜಾಕೆಟ್ಟಿನ ಗುಂಡಿ ಬಿಚ್ಚಿದರು. ಕೂತವಳು ಮಾತ್ರ ಚಳಿಗೆ ಸೆಟೆಯುತ್ತಾ ಹೋದಳು. ಹಿಂದಿನ ವರ್ಷಗಳಲ್ಲಿ ಮಾತು ಜಾಸ್ತಿಯಾದಾಗ ಎತೆಲಕ್ಕ ಬೂಟಿನ ದಾರ ಕಟ್ಟುವ ನೆವ ಮಾಡಿ ಹಿಂದೆ ಉಳಿಯುತ್ತಿದ್ದಳು. ಈಗ ಅದೂ ಇಲ್ಲ. ವೆಂಡೆಲಿನ್ ಜಾರಿದ ಜಾಗ, ವೆಂಡೆಲಿನ್ ನರಿ ನೋಡಿದ ಜಾಗ, ವೆಂಡೆಲಿನ್ ಹಾಡಿದ ಜಾಗ, ಎಲ್ಲ ಕಡೆ ಬಂಡಿ ನಿಲ್ಲಿಸಿ, ಸುತ್ತ ನಿಂತು, ಅವಳ ಮುಖ ನೋಡುತ್ತ ಕತೆ ಹೇಳುತ್ತಿದ್ದರು. ಚರ್ಚಿನಲ್ಲಿ ಹಾಡುವ ಅಪೊಲೋನಿಯಾ ಅಜ್ಜಿ, ಎರಡು ಕೋಲೂರಿಕೊಂಡು ಪ್ರತಿ ವರ್ಷ ತಪ್ಪದೆ ಬರುವವಳು, ಬಗ್ಗಿ ಬಗ್ಗಿ ಎತೆಲಕ್ಕನ ಕೆನ್ನೆ ಸವರುತ್ತಿದ್ದಳು. “ಎಂಥ ಪ್ರೀತಿ ನಿನ್ನದು ಮಗಳೇ, ಕಾಲಿಲ್ದಿದ್ರೂ ಬಂದ್ಯಲ್ಲ!” ಪತ್ರಿಕೆಯವನು ಫೋಟೋ ತೆಗೆದ.

ಕುರಿದೊಡ್ಡಿ ದಾಟಿದ ಮೇಲೆ ಎತೆಲಕ್ಕ ನನ್ನ ತೋಳು ಹಿಡಿದೆಳೆದು ಪಿಸುಗುಟ್ಟಿದಳು. “ಮಾರ್ಗಿತಾ, ನನಗೆ ಒಂದಕ್ಕೆ ಹೋಗ್ಬೇಕು.” ನಾನೊಬ್ಬಳೇ ಎತ್ತಿಕೊಂಡು ಹೋಗುವಂತಿರಲಿಲ್ಲ. ಕ್ವೇತಾ ಇನ್ನೊಂದು ತೋಳು ಹಿಡಿದಳು. ಗಂಡಸರೆಲ್ಲ ಮರ್ಯಾದೆಯಿಂದ ಬೆನ್ನು ತಿರುಗಿಸಿ ನಿಂತರು. ಮರಗಳ ಹಿಂದೆ ಮೊಣಕಾಲು ಮಟ್ಟದ ಹಿಮದಲ್ಲಿ ಅವಳನ್ನು ನಡೆಸಿಕೊಂಡು ಹೋಗುತ್ತಿದ್ದಾಗ ಕ್ವೇತಾ, ತಲೆ ಎತ್ತದೆ, ಅಂದಳು:

“ಎಡಗಾಲು, ಎತೆಲಾ. ಎಡಗಾಲನ್ನ ಎತ್ಕೋಬೇಕು ನೀನು. ಬಲಗಾಲಲ್ಲಿ ಕುಂಟ್ತಾ ಇದೀಯ.”

ನಾವಿಬ್ಬರೂ ನಿಂತುಬಿಟ್ಟೆವು. ವಾಪಸು ಬರುವಾಗ ಎತೆಲಕ್ಕ ಸರಿಯಾಗಿ ಎಡಗಾಲು ಎತ್ತಿಕೊಂಡಳು.

ನೆತ್ತಿಯ ಹತ್ತಿರ ಗಾಳಿ ಎದ್ದಿತ್ತು. ಗುಡಿಯ ಮುಂದಿನ ಬೆಂಚಿನ ಮೇಲೆ ಅವಳನ್ನು ಎತ್ತಿ ಕೂರಿಸಿದರು. ಬೆನ್ನ ಹಿಂದೆ ಅವಳದೇ ಹೆಸರು. ಗೇಜಾ ಟೋಪಿ ತೆಗೆದು ಮಾತಾಡಿದ. “ಈ ನಡಿಗೆ ಇರೋ ತನಕ ಅತ್ತಿಗೆ ನಮ್ಮ ಜೊತೆ ಇರ್ತಾರೆ. ಕಾಲು ನಡೀದಿದ್ರೆ ಬಂಡಿ, ಬಂಡಿ ಹೋಗ್ದಿದ್ರೆ ಹೆಗಲು. ಬಿಡೋ ಮಾತೇ ಇಲ್ಲ!” ಎಲ್ಲರೂ ಚಪ್ಪಾಳೆ ತಟ್ಟಿದರು, ಕೈಗವಸಿನ ಚಪ್ಪಾಳೆ, ದಪ್ಪ ಸದ್ದು. ಪ್ಲಮ್ ಹಣ್ಣಿನ ಸಾರಾಯಿಯ ಬಾಟಲಿ ಕೈಯಿಂದ ಕೈಗೆ ಹೋಯಿತು. ಎತೆಲಕ್ಕ ಒಂದು ಗುಟುಕು ಕುಡಿದಳು, ಕೇಳಿ ಇಸಿದುಕೊಂಡು ಇನ್ನೊಂದು ಗುಟುಕು ಕುಡಿದಳು. ಅವಳ ತುಟಿ ನೀಲಿಯಾಗಿತ್ತು. ಬಿಗಿದ ಬ್ಯಾಂಡೇಜಿಗೆ ಕಾಲು ಈಗ ನಿಜವಾಗಿಯೂ ನೋಯುತ್ತಿದೆ ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು.

ಮಂಜು ಕವಿಯತೊಡಗಿದ್ದರಿಂದ ತಂಗುಮನೆಯ ಕಡೆ ಹೋಗುವುದು ಬೇಡ, ಬಂದ ದಾರಿಯಲ್ಲೇ ಬೇಗ ಇಳಿಯೋಣ ಎಂದಾಯಿತು. ಬಂಡಿ ಇಳಿಜಾರಿನಲ್ಲಿ ಮುಂದೆ ಓಡದಂತೆ ಗೇಜಾ ಹಿಂದಿನಿಂದ ಹಗ್ಗ ಹಿಡಿದು ತಡೆಯುತ್ತಿದ್ದ. ಗುಡಿ ಇನ್ನೂ ಮಂಜಿನಲ್ಲಿ ಮಸುಕಾಗಿ ಕಾಣುತ್ತಿತ್ತು, ಅಷ್ಟರಲ್ಲಿ ಹಿಮದಡಿಯ ಮಂಜುಗಡ್ಡೆಯ ಮೇಲೆ ಅವನ ಕಾಲು ಜಾರಿತು. ಅಂಥ ದೊಡ್ಡ ಮೈ ಒಂದು ಮೊಣಕಾಲಿನ ಮೇಲೆ ಬಿತ್ತು. ಅವನು ಕೂಗಿದ ಕೂಗಿಗೆ ಕೊಂಬೆಯ ಮೇಲಿನ ಹಿಮ ಉದುರಿತು. ಹಗ್ಗ ಮಾತ್ರ ಬಿಡಲಿಲ್ಲ, ಅದನ್ನು ಹೇಳಬೇಕು.

ನಾನು ಮೊಣಕಾಲು ಮುಟ್ಟಿ ನೋಡಿದೆ. ಅದು ಆಗಲೇ ಊದುತ್ತಿತ್ತು. ಅವನು ನಡೆಯುವ ಹಾಗಿರಲಿಲ್ಲ. ಇರುವುದು ಒಂದೇ ಬಂಡಿ, ಮಂಜು ದಟ್ಟವಾಗುತ್ತಿದೆ, ಫೋನು ಹತ್ತುತ್ತಿಲ್ಲ. ಗಂಡಸರು ಗುಂಪುಗೂಡಿದರು. ಇಬ್ಬರು ಕೈಗೆ ಕೈ ಹೆಣೆದು ಎತೆಲಕ್ಕನನ್ನು ಹೊತ್ತುಕೊಳ್ಳುವುದು, ಬಂಡಿಯಲ್ಲಿ ಗೇಜಾ. ಆದರೆ ಆ ಇಳಿಜಾರಿನಲ್ಲಿ ಹೊತ್ತವರೂ ಜಾರಿದರೆ? ಹಿಮದ ಮೇಲೆ ಬಿದ್ದಿದ್ದ ಗೇಜಾ ಹಲ್ಲು ಕಚ್ಚಿಕೊಂಡು, “ಅತ್ತಿಗೇನ ಇಳಿಸ್ಬೇಡಿ. ನಾನು ತೆವಳ್ಕೊಂಡು ಬರ್ತೀನಿ,” ಅಂದ.

ಎತೆಲಕ್ಕ ಕಂಬಳಿ ಸರಿಸಿದಳು. ಬಂಡಿಯಿಂದ ಎರಡೂ ಕಾಲು ಕೆಳಗಿಟ್ಟು ಎದ್ದು ನಿಂತಳು. ನಾಲ್ಕು ಹೆಜ್ಜೆ ನಡೆದು ಅವನ ಹತ್ತಿರ ಬಂದು, “ಏಳು ಗೇಜಾ, ಬಂಡೀಲಿ ಕೂತ್ಕೊ,” ಅಂದಳು.

ಅಪೊಲೋನಿಯಾ ಅಜ್ಜಿ ಕೋಲುಗಳನ್ನು ಕೆಳಕ್ಕೆ ಹಾಕಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. “ಸಂತ ಅನ್ನಮ್ಮ! ನಡೆದ್ಲು ನೋಡ್ರೋ! ಗುಡಿ ಮುಂದೇನೇ ನಡೆದ್ಲು! ವೆಂಡೆಲಿನ್ ಕೇಳ್ಕೊಂಡಿದಾನೆ ಮೇಲೆ ದೇವ್ರ ಹತ್ರ, ಅವನೇ ಕೇಳ್ಕೊಂಡಿರೋದು!” ಇನ್ನಿಬ್ಬರು ಹೆಂಗಸರು ಟೋಪಿ ಸರಿಮಾಡಿಕೊಂಡು ಕೈಮುಗಿದರು. ಯಾರೋ ಪತ್ರಿಕೆಯವನನ್ನು ಕರೆದರು. ಗೇಜಾ ಕೂಡ ನೋವು ಮರೆತು ಬಾಯಿ ತೆರೆದು ನೋಡುತ್ತಿದ್ದ. ಅವನ ಕಣ್ಣು ತುಂಬುತ್ತಿತ್ತು.

ನಾನು ಎತೆಲಕ್ಕನ ಮುಖ ನೋಡಿದೆ. ಎಷ್ಟು ಸುಲಭವಿತ್ತು! ಸುಮ್ಮನೆ ನಿಂತಿದ್ದರೆ ಸಾಕು, ಸುಳ್ಳು ಮುಚ್ಚಿಹೋಗುತ್ತಿತ್ತು, ಮಾನ ಉಳಿಯುತ್ತಿತ್ತು. ಆದರೆ ಮರುವರ್ಷ ಪವಾಡದ ಹೆಸರಲ್ಲಿ ಇಡೀ ಜಿಲ್ಲೆಯೇ ಅವಳ ಹಿಂದೆ ಮೇಣದಬತ್ತಿ ಹಿಡಿದು ಹತ್ತುತ್ತಿತ್ತು, ಸಾಯುವ ತನಕ. ಅದು ಅವಳಿಗೂ ಹೊಳೆಯಿತೆಂದು ಕಾಣುತ್ತದೆ.

“ಇಲ್ಲ,” ಅಂದಳು. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು. “ಇಲ್ಲ. ಪವಾಡ ಅಲ್ಲ ಅಜ್ಜಿ. ಕಾಲಿಗೆ ಏನೂ ಆಗಿರ್ಲಿಲ್ಲ. ಬರೋಕೆ ಇಷ್ಟ ಇರ್ಲಿಲ್ಲ ಅದಕ್ಕೆ ಬ್ಯಾಂಡೇಜು ಸುತ್ಕೊಂಡೆ.”

ಅಜ್ಜಿಯ ಕೈ ಎದೆಯ ಮೇಲೆ ಹಾಗೇ ನಿಂತಿತು. “ಹಾಗಾದ್ರೆ ಮೇಲಿನ ತನಕ ನಿನ್ನ ಎಳ್ಕೊಂಡು ಬಂದಿದ್ದು?” ಎಂದು ಎಳೆದವರಲ್ಲೊಬ್ಬ ಕೇಳಿದ. ಗೇಜಾನನ್ನು ಎತ್ತಿ ಬಂಡಿಯ ಮೇಲೆ ಕೂರಿಸಿದರು. ಹೊರಡುವಾಗ ಎತೆಲಕ್ಕನ ಬಲಗಾಲಿಗೆ ಮಾತ್ರ ಬೂಟು ತೊಡಿಸಿದ್ದರು, ಎಡಗಾಲಿಗೆ ಬರೀ ಬ್ಯಾಂಡೇಜು, ಮೇಲೆ ಉಣ್ಣೆಯ ಕಾಲುಚೀಲ. ಗೇಜಾ ತನ್ನ ಚೀಲದಿಂದ ಅದರ ಜೋಡಿ ಬೂಟು ತೆಗೆದುಕೊಟ್ಟ. ಎಲ್ಲರೂ ಕೊಡಿಸಿದ್ದ ಉಣ್ಣೆಯ ಬೂಟು. ನೆತ್ತಿಯ ಮೇಲೆ ಅವಳು ಹಾಕಿಕೊಳ್ಳಬೇಕು ಅಂದರೆ ಇರಲಿ ಎಂದು ಅವಳ ಬಾಗಿಲಿಂದ ತಂದಿದ್ದನಂತೆ. ಅದನ್ನು ಹಾಕಿಕೊಳ್ಳುವಾಗ ಮಾತ್ರ ಎತೆಲಕ್ಕನಿಗೆ ಅಳು ಬಂತು.

ಇಳಿಯುವಾಗ ಅವಳು ಬಂಡಿಯ ಬದಿ ಹಿಡಿದು ನಡೆದಳು. ನಾನು ಇನ್ನೊಂದು ಬದಿ. ಬಹಳ ಹೊತ್ತಿನ ಮೇಲೆ ಗೇಜಾ ಕೇಳಿದ.

“ಯಾವತ್ತೂ ಇಷ್ಟ ಇರ್ಲಿಲ್ವಾ?”

“ಯಾವತ್ತೂ ಇರ್ಲಿಲ್ಲ.”

“ವೆಂಡೆಲಿನ್‌ಗೆ ಗೊತ್ತಿತ್ತಾ?”

“ಗೊತ್ತಿತ್ತು. ಅದಕ್ಕೇ ನಿಮ್ಮನ್ನೆಲ್ಲ ಹೊಳೆ ಬದಿ ಸುತ್ತಿಸ್ಕೊಂಡು ಬರ್ತಿದ್ದ. ಎಷ್ಟು ಗಂಟೆಗೆ ಬರ್ಲಿ ಅಂತ ನನ್ನ ಕೇಳಿ ಹೊರಡ್ತಿದ್ದ.”

ಆ ಹೊಳೆ ಬದಿಯ ದಾರಿಯಲ್ಲಿ ಬೈದುಕೊಳ್ಳದವರು ನಮ್ಮಲ್ಲಿ ಯಾರೂ ಇರಲಿಲ್ಲ. ವೆಂಡೆಲಿನ್‌ಗೆ ಕಾಡಿನ ಮೇಲೆ ಎಷ್ಟು ಪ್ರೀತಿ ನೋಡಿ ಅಂದುಕೊಳ್ಳುತ್ತ ನಡೆದಿದ್ದೆವು. “ನನಗೆ ಒಂದು ಮಾತು ಹೇಳ್ಬಹುದಿತ್ತು ಅವನು,” ಅಂದ ಗೇಜಾ ಕೊನೆಗೆ. ಮೊಣಕಾಲಿಗಿಂತ ಅದೇ ಹೆಚ್ಚು ನೋಯುತ್ತಿತ್ತು ಅನಿಸಿತು.

ಆ ಸಂಜೆ ಸಾರಿಗೆ ಯಾರೂ ಬರಲಿಲ್ಲ. ನಾನೂ ಅವಳೂ ಒಂದು ವಾರ ಅದನ್ನೇ ಉಂಡೆವು.

ಊರಿನವರು ಜಗಳವಾಡಲಿಲ್ಲ, ಬೈಯಲೂ ಇಲ್ಲ. ಅಂಗಡಿಯಲ್ಲಿ ಕುರ್ಚಿಗಳು ಖಾಲಿ ಇರತೊಡಗಿದವು, ಅಷ್ಟೆ. ಅಪೊಲೋನಿಯಾ ಅಜ್ಜಿ ಬಸ್ಸು ಹತ್ತಿ ಪಕ್ಕದೂರಿಗೆ ಹೋಗಿ ಕೂದಲು ಗುಂಗುರು ಮಾಡಿಸಿಕೊಂಡು ಬಂದಳು. ಅಲ್ಲಿಯವಳು ಗುಂಗುರು ಮಾಡುವ ದ್ರಾವಣವನ್ನು ಹೆಚ್ಚು ಹೊತ್ತು ಬಿಟ್ಟಿದ್ದರಿಂದ ಅಜ್ಜಿಯ ನೆತ್ತಿ ಸುಟ್ಟಿತು. ಮುಲಾಮಿಗೆ ನನ್ನ ಹತ್ತಿರ ಬಂದವಳು ಮಾರನೆಯ ದಿನ ಎತೆಲಕ್ಕನ ಕುರ್ಚಿಯಲ್ಲಿ ಮುಖ ಬಿಗಿದುಕೊಂಡು ಕೂತಿದ್ದಳು. ಒಬ್ಬೊಬ್ಬರಾಗಿ ಉಳಿದವರೂ ವಾಪಸು ಬಂದರು. ಕ್ವೇತಾ ಮಾತ್ರ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಆದರೆ ಈಗ ಅಂಗಡಿಯಲ್ಲಿ ಮಾತು ಮೊದಲಿನಂತಿರಲಿಲ್ಲ. ಎತೆಲಕ್ಕ ಹೂಂ ಅಂದರೆ, ನಿಜವಾಗಿ ಅಂದಳೋ ಸುಮ್ಮನೆ ಅಂದಳೋ ಎಂದು ಹೆಂಗಸರು ಕನ್ನಡಿಯಲ್ಲಿ ಅವಳ ಮುಖ ನೋಡುತ್ತಿದ್ದರು.

ಮುಂದಿನ ಮೂರು ರಾಜರ ಹಬ್ಬಕ್ಕೆ ಯಾರೂ ಅವಳನ್ನು ಕರೆಯಲಿಲ್ಲ. ನಾನು ನಡಿಗೆಗೆ ಹೋದೆ. ಗೇಜಾ ಕೋಲೂರಿಕೊಂಡು ಮುಂದಿದ್ದ. ಇಳಿಯುವ ಹೊತ್ತು ಬಂದಾಗ, ಯಾರೂ ಹೇಳದಿದ್ದರೂ, ಹೊಳೆ ಬದಿಯ ದಾರಿಗೇ ತಿರುಗಿದೆವು. ಕತ್ತಲಾಗುವಾಗ ನಮ್ಮ ಕಟ್ಟಡದ ಮುಂದೆ ಅಭ್ಯಾಸಬಲದಿಂದ ಎಲ್ಲರ ಕಾಲೂ ನಿಂತಿತು. ಬೂಟಿನ ಹಿಮ ಒದರಿದರು. ಮೇಲೆ ಕಿಟಕಿಯಲ್ಲಿ ದೀಪವಿತ್ತು. ಒಂದು ಗಳಿಗೆ ಹಾಗೇ ನಿಂತಿದ್ದು, ಪಬ್ಬಿನ ಕಡೆ ಹೊರಟರು. ಗೇಜಾ ಮಾತ್ರ ನನ್ನ ಜೊತೆ ಮೆಟ್ಟಿಲು ಹತ್ತಿದ. ಪ್ರತಿ ಮೆಟ್ಟಿಲಿಗೂ ಮುಲುಕುತ್ತಿದ್ದ.

ಎತೆಲಕ್ಕ ಬಾಗಿಲು ತೆರೆದಳು, ಅರ್ಧ.

“ಒಳಗೆ ಬರಲ್ಲ ಅತ್ತಿಗೆ. ಎಲ್ಲರೂ ಕ್ಷೇಮವಾಗಿ ಇಳಿದ್ವಿ, ಹೇಳಿ ಹೋಗೋಣ ಅಂತ ಬಂದೆ.”

“ಒಳ್ಳೇದಾಯ್ತು ಗೇಜಾ.”

“ಬೆಂಚಿನ ಮೇಲೆ ಹಿಮ ಕೂತಿತ್ತು. ಒರೆಸಿದ್ದೀನಿ.”

“ಹೂಂ.”

ಅವನು ಇನ್ನೂ ನಿಂತಿದ್ದ. ಒಳಗಿಂದ ಹುರಿದ ಗಸಗಸೆಯ ವಾಸನೆ ಬರುತ್ತಿತ್ತು. “ಬರ್ತೀನಿ ಹಾಗಾದ್ರೆ,” ಎಂದು ತಿರುಗಿದ. ಅವನು ಕೆಳಗಿನ ಬಾಗಿಲು ದಾಟುವ ತನಕ ಎತೆಲಕ್ಕ ತನ್ನ ಬಾಗಿಲು ಮುಚ್ಚಲಿಲ್ಲ.

ಮರುದಿನ ಸಂಜೆ ಅಂಗಡಿ ಖಾಲಿಯಿದ್ದಾಗ ಕೂದಲು ಕತ್ತರಿಸಿಕೊಳ್ಳಲು ಹೋದೆ. ದಿನ ಹೇಗಿತ್ತು ಎಂದು ಕೇಳಿದೆ. ನನ್ನ ಕತ್ತಿನ ಸುತ್ತ ಬಟ್ಟೆ ಕಟ್ಟುತ್ತ ಅವಳು ಹೇಳಿದಳು.

“ತಲೆ ಸೆಟ್ ಮಾಡ್ಕೊಂಡೆ. ಶ್ಯಾವಿಗೆ ಮಾಡ್ಕೊಂಡೆ. ರೇಡಿಯೋ ಹಾಕಿದೆ. ಹನ್ನೊಂದಕ್ಕೆಲ್ಲ ಎಲ್ಲ ಮುಗೀತು ಮಾರ್ಗಿತಾ. ಆಮೇಲೆ ಏನ್ಮಾಡೋದು ಅಂತಾನೇ ತಿಳೀಲಿಲ್ಲ. ಮೊದಲೆಲ್ಲ, ಅಯ್ಯೋ ಇನ್ನೇನು ಬಂದ್ಬಿಡ್ತಾರಲ್ಲ ಅಂತ ಗಡಿಯಾರ ನೋಡ್ತಿದ್ದೆ. ನಿನ್ನೆನೂ ನೋಡ್ತಾ ಕೂತಿದ್ದೆ, ಯಾರು ಬರ್ಬೇಕಿತ್ತೋ.”

“ಗೇಜಾನ ಒಳಗೆ ಕರೀಬಹುದಿತ್ತು.”

“ಕರೀಬೇಕಿತ್ತು. ಆ ಕಾಲಲ್ಲಿ ಮೆಟ್ಟಿಲು ಹತ್ತಿ ಬಂದಿದ್ದ. ನಾಲಿಗೆ ತುದಿಗೆ ಬಂದಿತ್ತು ಕಣೇ.” ಬಾಚಣಿಗೆಯನ್ನು ನೀರಿಗೆ ಅದ್ದಿದಳು. “ಕರೆದಿದ್ರೆ ಮುಂದಿನ ವರ್ಷ ಕ್ವೇತಾನೂ ಬರ್ತಿದ್ಲು. ಅದರ ಮುಂದಿನ ವರ್ಷ ಇಪ್ಪತ್ತು ಜನ. ಆಮೇಲೆ ಮತ್ತೆ ಬೂಟು.”

“ಹಾಗೇನೂ ಆಗ್ತಿರ್ಲಿಲ್ಲ ಬಿಡು.”

“ಆಗ್ತಿತ್ತು,” ಅಂದಳು. “ನನ್ನ ನಾನೇ ನಂಬೋ ಹಾಗಿಲ್ಲ.”

ಆಮೇಲೆ ತಲೆ ಬಗ್ಗಿಸು ಎಂದು ನನ್ನ ಹಣೆ ಹಿಡಿದು ಮುಂದಕ್ಕೆ ಒತ್ತಿದಳು. ಕಿವಿಯ ಹಿಂದೆ ಕತ್ತರಿ ತಣ್ಣಗೆ ತಾಗಿತು. ನಾನು ಅಲ್ಲಾಡದೆ ಕೂತೆ.